ಇಡ್ಲಿಯ ಅಡಿಗೆಮನೆಯಲ್ಲಿ ನೂಡಲ್ಸಿನ ಬಾಣಲೆ

ಮುಂಬಯಿಯಲ್ಲಿ ಕೈಗೆಟಕುವ ದರಕ್ಕೆ ಒಳ್ಳೆಯ ಚೈನೀಸ್ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಡ್ರ್ಯಾಗನ್ ಚಿತ್ರ ಬರೆಸಿಕೊಂಡ ಹೋಟೆಲಿನ ಹೆಸರು ಹೇಳುವುದಿಲ್ಲ. ಲೋಕಲ್ ರೈಲಿನಿಂದ ಇಳಿಯಿರಿ, ಸ್ಟೇಷನ್ನಿನ ಆಸುಪಾಸಿನಲ್ಲಿ ಶೆಟ್ಟರ ಹೋಟೆಲ್ ಯಾವುದಿದೆ ನೋಡಿ ಎನ್ನುತ್ತೇನೆ. ಗಲ್ಲಾದ ಹಿಂದೆ ಉಡುಪಿ ಕೃಷ್ಣನದೋ ಕಟೀಲು ದೇವಿಯದೋ ಫೋಟೋ ಇರುತ್ತದೆ, ಅದಕ್ಕೆ ಬೆಳಗ್ಗೆ ಏರಿಸಿದ ಹೂವಿನ ಮಾಲೆ. ಮೆನು ಕಾರ್ಡಿನ ಮೊದಲ ಪುಟದಲ್ಲಿ ಇಡ್ಲಿ, ವಡೆ, ಮೈಸೂರು ಮಸಾಲೆ. ನಡುವೆ ಪನೀರು, ಕೋಫ್ತಾಗಳ ಪಂಜಾಬಿ ಸಾಲು. ಅದು ಮುಗಿದ ಮೇಲೆ ಹಕ್ಕಾ ನೂಡಲ್ಸ್, ಮಂಚಾವ್ ಸೂಪ್, ಮಂಚೂರಿಯನ್, ಟ್ರಿಪಲ್ ಶೆಜ್ವಾನ್. ದಾದರಿನಿಂದ ಡೊಂಬಿವಲಿಯವರೆಗೆ, ಸಯಾನಿನಿಂದ ಬೋರಿವಲಿಯವರೆಗೆ ಈ ಮೆನು ಹೆಚ್ಚು ಕಡಿಮೆ ಒಂದೇ.

ದಕ್ಷಿಣದ, ಪಂಜಾಬಿನ, ಚೀನಾದ ಅಡಿಗೆ ಒಂದೇ ಸೂರಿನಡಿ ಬಂದು ಸೇರಿದ್ದು ಸುಮ್ಮನೆ ಅಲ್ಲ. ಈ ಊರಿನ ಅಗ್ಗದ ಊಟದ ಹಿಂದೆ ಒಂದು ಗಟ್ಟಿ ಲೆಕ್ಕವಿದೆ. ಆ ಲೆಕ್ಕ ಹಾಕಿದವರು ಬಹುಮಟ್ಟಿಗೆ ನಮ್ಮ ಕರಾವಳಿಯವರು. ಮುಂಬಯಿಯನ್ನು ಬಂದರು ಕಟ್ಟಿತು, ಹತ್ತಿಗಿರಣಿ ಕಟ್ಟಿತು ಎಂದು ಬರೆಯುವವರು ಗಿರಣಿಯವನಿಗೂ ಗುಮಾಸ್ತನಿಗೂ ದಿನದಿನ ಊಟ ಹಾಕಿದವರನ್ನೂ ಅದೇ ಪುಟದಲ್ಲಿ ಹೆಸರಿಸಬೇಕು ಎಂಬುದು ನನ್ನ ನಂಬಿಕೆ.

ಈ ಪರಂಪರೆಯ ಬೇರು ನೋಡಬೇಕಾದರೆ ಮಾತುಂಗಕ್ಕೇ ಹೋಗಬೇಕು. ಎ. ರಾಮ ನಾಯಕರು ಉಡುಪಿ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಬಂದವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿದವರು. ಅವರು 1942ರಲ್ಲಿ ಮಾತುಂಗ ಸ್ಟೇಷನ್ನಿನ ಪಕ್ಕದಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು. ಮಾರುಕಟ್ಟೆ ಕಟ್ಟಡದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಇಂದಿಗೂ ಬಾಳೆಯೆಲೆ ಊಟ ಸಿಗುತ್ತದೆ. ಕೂಪನ್ನು ಕೊಂಡು ಸಾಲಿನಲ್ಲಿ ಕಾಯಬೇಕು. ಜಾಗ ಖಾಲಿಯಾದಂತೆ ಪರಿಚಯವಿಲ್ಲದವರ ಪಕ್ಕದಲ್ಲಿ ಕೂರಬೇಕು. ಸಾರು, ಹುಳಿ, ಪಲ್ಯ, ಚಪಾತಿ, ಮೊಸರು ಒಂದರ ಹಿಂದೆ ಒಂದು ಬರುತ್ತವೆ. ಬಡಿಸುವವನು ಎಲೆಯನ್ನು ನೋಡಿಯೇ ಇನ್ನೇನು ಬೇಕೆಂದು ತಿಳಿಯುತ್ತಾನೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ರಾಮ್ ಆಶ್ರಯ ಇದೆ, ಅದು 1939ರದು. ಬೆಳಕು ಹರಿಯುವ ಮೊದಲೇ ಅಲ್ಲಿ ಇಡ್ಲಿ ತಟ್ಟೆಗಳ ಸದ್ದು. ಅಲ್ಲಿಯ ಅನಾನಸ್ ಶಿರಾಕ್ಕೆಂದೇ ಉಪನಗರಗಳಿಂದ ರೈಲು ಹತ್ತಿ ಬರುವವರಿದ್ದಾರೆ. ಕಿಂಗ್ಸ್ ಸರ್ಕಲ್ಲಿನ ಕಡೆ ಕೆಫೆ ಮೈಸೂರು, ಕೆಫೆ ಮದ್ರಾಸ್. ಇವೂ ಅದೇ ಕಾಲದವು.

ಆಮೇಲಿನ ದಶಕಗಳಲ್ಲಿ ಹುಡುಗರು ಬರುತ್ತಲೇ ಇದ್ದರು. ಹಗಲೆಲ್ಲ ಹೋಟೆಲಿನಲ್ಲಿ ಮಾಣಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ವಿದ್ಯಾರ್ಥಿ. ಹೀಗೆ ಓದಿ ವಕೀಲರೋ ಬ್ಯಾಂಕ್ ಅಧಿಕಾರಿಗಳೋ ಆದವರ ಒಂದು ತಲೆಮಾರೇ ಇದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಎದ್ದ ಅಲೆಯಲ್ಲಿ ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಹೋಟೆಲಿನವರು ಒಡೆದ ಗಾಜು ಗುಡಿಸಿ ಮತ್ತೆ ಬಾಗಿಲು ತೆರೆದರು. ಕರ್ನಾಟಕದ 1974ರ ಭೂಸುಧಾರಣೆಯಲ್ಲಿ ಗೇಣಿ ಭೂಮಿ ಕೈಬಿಟ್ಟ ಬಂಟರ ಮನೆಗಳಿಂದ ಇನ್ನಷ್ಟು ಮಂದಿ ಬಸ್ಸು ಹತ್ತಿದರು. ಇಂದು ಈ ನಗರದಲ್ಲಿ ಹೋಟೆಲ್ ಎಂದರೆ ಶೆಟ್ಟಿ ಎನ್ನುವ ಮಾತು ಅಲ್ಲಿಂದ ಬಂದದ್ದು. ಆದರೆ ಪೂಜಾರಿ, ನಾಯಕ್, ಕಾಮತ್, ರಾವ್ ಎಲ್ಲರೂ ಈ ಕಸುಬಿನಲ್ಲಿದ್ದಾರೆ.

ಇನ್ನು ಆ ಲೆಕ್ಕ. ಮುಂಬಯಿಯಲ್ಲಿ ಹೋಟೆಲಿನವನಿಗೆ ಅತಿ ದುಬಾರಿಯಾದದ್ದು ಜಾಗ. ಬಾಡಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ, ಗಿರಾಕಿ ಮಾತ್ರ ಬೇರೆ ಬೇರೆ ಹೊತ್ತಿಗೆ ಬರುತ್ತಾನೆ. ಆದ್ದರಿಂದ ಒಂದೇ ಮೇಜು ನಾಲ್ಕು ಹೊತ್ತು ದುಡಿಯಬೇಕು. ಬೆಳಗ್ಗೆ ಇಡ್ಲಿ, ಉಪ್ಪಿಟ್ಟು, ಕಟಿಂಗ್ ಚಹಾ. ಮಧ್ಯಾಹ್ನ ಆಫೀಸಿನವರಿಗೆ ರೈಸ್ ಪ್ಲೇಟ್. ನಾಲ್ಕು ಗಂಟೆಗೆ ದೋಸೆ, ಪಾವ್ ಭಾಜಿ, ಜ್ಯೂಸ್. ಉಳಿದದ್ದು ರಾತ್ರಿ. ರಾತ್ರಿ ಮನೆಮಂದಿಯೊಂದಿಗೆ ಬಂದವರಿಗೆ ಇಡ್ಲಿ ಬೇಡ, ಮನೆಯಲ್ಲಿ ಮಾಡದ ಅಡಿಗೆ ಬೇಕು. ಆ ಖಾಲಿ ಹೊತ್ತನ್ನು ಮೊದಲು ಪಂಜಾಬಿ ತಂದೂರು ತುಂಬಿತು, ನಂತರ ಚೈನೀಸ್ ಬಾಣಲೆ. ಒಂದು ತಟ್ಟೆಯ ಮೇಲೆ ಲಾಭ ಕಡಿಮೆ, ತಟ್ಟೆಗಳು ಬಹಳ. ಮೇಜು ಹಂಚಿಕೊಳ್ಳಲು ಗಿರಾಕಿ ಮುನಿಸಿಕೊಳ್ಳದ ಊರಾದ್ದರಿಂದಲೇ ಇದು ನಡೆಯುತ್ತದೆ.

ಚೈನೀಸ್ ಅಡಿಗೆಗೆ ಈ ಅಡಿಗೆಮನೆ ಹೇಳಿ ಮಾಡಿಸಿದಂತಿತ್ತು. ಪಲ್ಯ ಸಾಗುಗಳಿಗೆ ತಂದ ಎಲೆಕೋಸು, ಕ್ಯಾರೆಟ್, ಬೀನ್ಸ್, ದೊಣ್ಣೆಮೆಣಸು ಇದ್ದೇ ಇದ್ದವು. ಅನ್ನವೂ ಇತ್ತು. ಫ್ರೈಡ್ ರೈಸಿಗೆ ಬಿಸಿ ಅನ್ನಕ್ಕಿಂತ ಆರಿದ ಅನ್ನ ಲೇಸು, ಅಗುಳು ಬಿಡಿಬಿಡಿಯಾಗಿರುತ್ತದೆ. ಮೇಲಾಗಿ ದೊಡ್ಡ ಉರಿಯಲ್ಲಿ ನೂಡಲ್ಸ್ ತಯಾರಾಗಲು ಕೆಲವೇ ನಿಮಿಷ ಸಾಕು, ಮೇಜು ಬೇಗ ಬಿಡುವಾಗುತ್ತದೆ. ಬೇಕಾಗಿದ್ದುದು ಜೋರು ಬರ್ನರ್ ಒಂದು, ಸೋಯಾ ಸಾಸ್, ವಿನೆಗರ್, ಕಾರ್ನ್‌ಫ್ಲೋರುಗಳ ಒಂದು ಸಾಲು, ಬಾಣಲೆ ತಿರುವಬಲ್ಲ ಒಂದು ಕೈ. ಆ ಕೈ ಬಹಳ ಕಡೆ ನೇಪಾಳದ, ಡಾರ್ಜಿಲಿಂಗಿನ, ಈಶಾನ್ಯ ರಾಜ್ಯಗಳ ಹುಡುಗರದು. ದೋಸೆ ಕಲ್ಲಿನ ಮುಂದೆ ಕುಂದಾಪುರದವ, ಪಕ್ಕದ ಬಾಣಲೆಯ ಮುಂದೆ ನೇಪಾಳದವ, ಇಬ್ಬರೂ ಮಾತಾಡುವುದು ಮುಂಬಯಿ ಹಿಂದಿ.

ಮುಂಬಯಿಗೆ ಚೀನಾದ ಅಡಿಗೆ ಬಂದ ದಾರಿ ಬೇರೆ. ಹಡಗಿನ ಕೆಲಸಕ್ಕೂ ವ್ಯಾಪಾರಕ್ಕೂ ಬಂದ ಚೀನೀಯರು ಮಝಗಾಂವ್ ಸುತ್ತ ನೆಲೆಸಿದ್ದರು. 1919ರಲ್ಲಿ ಅವರು ಕಟ್ಟಿಕೊಂಡ ಸೀ ಯುಪ್ ಕೂನ್ ದೇವಸ್ಥಾನ ಅಲ್ಲಿ ಇನ್ನೂ ಇದೆ. 1962ರ ಯುದ್ಧದ ನಂತರ ಸಂಶಯ, ಬಂಧನ, ವಲಸೆಗಳಿಂದ ಆ ಸಮುದಾಯ ತೀರಾ ಕಿರಿದಾಯಿತು. ತಮ್ಮದಲ್ಲದ ಯುದ್ಧಕ್ಕೆ ಅವರು ತೆತ್ತ ಬೆಲೆಯನ್ನು ನಾವು ಮರೆಯಬಾರದು. ಅವರ ಹೋಟೆಲುಗಳಾದ ಚರ್ಚ್‌ಗೇಟಿನ ಕಾಮ್ಲಿಂಗ್, ಕೊಲಾಬಾ ಕಡೆಯ ನಾನ್ಕಿಂಗ್ ಮುಂಬಯಿಯ ನಾಲಿಗೆಗೆ ಸೋಯಾ ಸಾಸಿನ ರುಚಿ ಹತ್ತಿಸಿದ್ದವು. ನಾನ್ಕಿಂಗಿನ ಲಿಂಗ್ ಮನೆತನವೇ ಮುಂದೆ ರೀಗಲ್ ಸಿನಿಮಾದ ಹಿಂದೆ ಲಿಂಗ್ಸ್ ಪೆವಿಲಿಯನ್ ನಡೆಸಿತು. 1970ರ ದಶಕದಲ್ಲಿ ತಾಜ್ ಹೋಟೆಲಿನ ಗೋಲ್ಡನ್ ಡ್ರ್ಯಾಗನ್ ಸಿಚುವಾನ್ ಪ್ರಾಂತದ ಖಾರದ ಅಡಿಗೆಯನ್ನು ಪರಿಚಯಿಸಿತು. ಅದೇ ಹೊತ್ತಿಗೆ ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡಿಗೆ ನೋಡಿಕೊಳ್ಳುತ್ತಿದ್ದರು. 1975ರಲ್ಲಿ ಅಲ್ಲಿ ಅವರು ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕರಿದ ಕೋಳಿಯ ತುಂಡುಗಳನ್ನು ಹಾಕಿ ಕೊಟ್ಟರು ಎಂಬುದು ಚಿಕನ್ ಮಂಚೂರಿಯನ್ನಿನ ಹುಟ್ಟಿನ ಕತೆ. ಮುಂದೆ ಅವರೇ ಚೈನಾ ಗಾರ್ಡನ್ ತೆರೆದರು.

ಅವೆಲ್ಲ ಸಿರಿವಂತರ ಮೇಜುಗಳು. ಅಲ್ಲಿಂದ ಮಂಚೂರಿಯನ್ನನ್ನು ಬೀದಿಗೆ ಇಳಿಸಿದ್ದು ಸಂಜೆ ಹೊತ್ತಿಗೆ ಹೊರಡುವ ಕೆಂಪು ಬಣ್ಣದ ಚೈನೀಸ್ ಗಾಡಿಗಳು. ಮನೆಮಂದಿಯ ಮೇಜಿಗೆ ತಂದದ್ದು ಉಡುಪಿ ಹೋಟೆಲುಗಳು. ತರುವಾಗ ಅವು ಅದನ್ನು ಸಸ್ಯಾಹಾರಿಯಾಗಿಸಿದವು. ಗುಜರಾತಿ ಗಿರಾಕಿಗೆಂದು ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಜೈನ್ ಚೈನೀಸನ್ನೂ ಮಾಡಿದವು. ನಮ್ಮ ಬೆಂಗಳೂರು ಹುಬ್ಬಳ್ಳಿಗಳಲ್ಲಿ ಹೂಕೋಸಿನ ಗೋಬಿ ಮಂಚೂರಿಯೇ ರಾಜನಾದರೆ, ಇಲ್ಲಿ ತುರಿದ ಎಲೆಕೋಸು ಕ್ಯಾರೆಟ್ಟಿನ ಉಂಡೆಗಳ ವೆಜ್ ಮಂಚೂರಿಯನ್. ಶೆಜ್ವಾನ್ ಚಟ್ನಿ ದೋಸೆಯೊಳಗೂ ಹೊಕ್ಕಿತು. ಕರಿದ ನೂಡಲ್ಸಿಗೆ ಅದೇ ಚಟ್ನಿ ಕಲಸಿ ಚೈನೀಸ್ ಭೇಲ್ ಹುಟ್ಟಿತು. ಇವನ್ನು ಅಸಲಿ ಅಲ್ಲವೆಂದು ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಇದು ಮುಂಬಯಿಯದೇ ಅಡಿಗೆ, ಇಲ್ಲಿಯದೇ ಅಳತೆಗೋಲಿನಲ್ಲಿ ಅಳೆಯಬೇಕು.

ಹಾಗಾದರೆ ಒಳ್ಳೆಯದನ್ನು ಆರಿಸುವುದು ಹೇಗೆ? ಮೊದಲು ಬಣ್ಣ ನೋಡಿ. ಸೋಯಾ ಸಾಸಿನಿಂದ ಬಂದ ಕಂದು ಬಣ್ಣ ಸರಿ, ಬೆರಳಿಗೆ ಅಂಟುವ ಕಡುಗೆಂಪು ಸರಿಯಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಈ ಕಾರಣಕ್ಕೇ. ಬೀದಿಗಾಡಿಯಲ್ಲಾದರೆ ಎಣ್ಣೆಯ ಕಪ್ಪನ್ನೂ ತಟ್ಟೆ ತೊಳೆಯುವ ನೀರನ್ನೂ ನೋಡದೆ ದುಡ್ಡು ಕೊಡಬೇಡಿ. ಹೋಟೆಲಿನೊಳಗೆ ಹೋದಾಗ ಅಕ್ಕಪಕ್ಕದ ಮೇಜುಗಳ ಮೇಲೆ ಏನಿದೆ ಎಂದು ಗಮನಿಸಿ. ಎಲ್ಲರೂ ದೋಸೆ ತಿನ್ನುತ್ತಿದ್ದರೆ ಅಲ್ಲಿ ದೋಸೆಯನ್ನೇ ಹೇಳಿ. ನೂಡಲ್ಸ್ ಹೆಚ್ಚು ಹೋಗುವ ಕಡೆ ತರಕಾರಿ ತಾಜಾ ಇರುತ್ತದೆ, ಬಾಣಲೆ ಆರುವುದಿಲ್ಲ. ರಾತ್ರಿ ಎಂಟರ ಮೊದಲು ಹೋದರೆ ಅಡಿಗೆಯವನ ಗಮನ ನಿಮ್ಮ ತಟ್ಟೆಯ ಮೇಲೆ ಇರುತ್ತದೆ. ಅನೇಕ ಕಡೆ ಎಸಿ ಹಾಲ್ ಬೇರೆ, ಅದರ ದರವೂ ಬೇರೆ. ಅಡಿಗೆ ಮಾತ್ರ ಒಂದೇ. ಸೂಪನ್ನು ಒನ್ ಬೈ ಟೂ ಕೇಳಲು ಸಂಕೋಚ ಬೇಡ, ಇಬ್ಬರಿಗೆ ಎರಡು ಬಟ್ಟಲಿನಲ್ಲಿ ಹಂಚಿಯೇ ತರುತ್ತಾರೆ. ಒಂದು ಟ್ರಿಪಲ್ ಶೆಜ್ವಾನಿನಲ್ಲಿ ಅನ್ನ, ನೂಡಲ್ಸ್, ಗ್ರೇವಿ ಮೂರೂ ಇರುವುದರಿಂದ ಇಬ್ಬರಿಗೆ ಧಾರಾಳ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಿರಿ ಎನ್ನುವ ಹಕ್ಕು ನಿಮಗಿದೆ. ಟಿಪ್ಸನ್ನು ಬಡಿಸಿದವನ ಕೈಗೇ ಕೊಡಿ.

ಮೀನು ತಿನ್ನುವವರಿಗೆ ಫೋರ್ಟಿನ ಲಂಚ್ ಹೋಮುಗಳು ಬೇರೆಯೇ ಲೋಕ. ಮಹೇಶ್, ಅಪೂರ್ವ, ಕಾಲಾಘೋಡಾದ ತೃಷ್ಣಾ. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ನೀರುದೋಸೆಗಳಿಂದ ಹೆಸರು ಮಾಡಿದ ಈ ಬಗೆಯ ಅಡಿಗೆಮನೆಗಳಿಂದಲೇ ಬೆಣ್ಣೆ ಬೆಳ್ಳುಳ್ಳಿಯ ಏಡಿ ಊರೆಲ್ಲ ಪ್ರಸಿದ್ಧವಾದದ್ದು. ಏಡಿಯ ದರ ಈಗ ಸಾಮಾನ್ಯರ ಕೈಗೆ ನಿಲುಕುವುದಿಲ್ಲ. ಅದೇ ಗಲ್ಲಿಗಳ ಚಿಕ್ಕ ಲಂಚ್ ಹೋಮುಗಳಲ್ಲಿ ಮಧ್ಯಾಹ್ನದ ಮೀನೂಟ ಇನ್ನೂ ನಿಲುಕುತ್ತದೆ.

ಅಗ್ಗದ ತಟ್ಟೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಹೇಳಲೇಬೇಕು. ಒಂದು ಕಾಲದಲ್ಲಿ ಹತ್ತು ಹನ್ನೆರಡರ ಮಕ್ಕಳು ಇಲ್ಲಿ ಮೇಜು ಒರೆಸಿದರು, ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿದರು. 2006ರ ಅಕ್ಟೋಬರಿನಿಂದ ಹದಿನಾಲ್ಕರೊಳಗಿನವರನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧವಾಯಿತು. ಈಗ ಊರಿನಿಂದ ಹುಡುಗರು ಬರುವುದು ಕಡಿಮೆಯಾಗಿದೆ, ಬರದಿದ್ದುದೇ ಒಳ್ಳೆಯದಾಯಿತು. ಧಣಿಗಳ ಮಕ್ಕಳೂ ಇಂಜಿನಿಯರುಗಳಾಗಿದ್ದಾರೆ. ಹಲವೆಡೆ ಹೋಟೆಲನ್ನು ವರ್ಷದ ಗುತ್ತಿಗೆಗೆ ಬೇರೆಯವರಿಗೆ ಕೊಟ್ಟು ಬಾಡಿಗೆ ಎಣಿಸುತ್ತಾರೆ. ಗುತ್ತಿಗೆದಾರನಿಗೆ ನಾಳಿನ ಹೆಸರಿನ ಚಿಂತೆ ಇರುವುದಿಲ್ಲ, ರುಚಿ ಇಳಿಯುವುದು ಅಲ್ಲಿಂದಲೇ. ಆದ್ದರಿಂದ ಧಣಿಯೋ ಅವನ ತಮ್ಮನೋ ಗಲ್ಲಾದಲ್ಲಿ ಕೂರುವ ಹೋಟೆಲನ್ನೇ ನಾನು ಹುಡುಕುತ್ತೇನೆ. ಚೆನ್ನಾಗಿಲ್ಲದಿದ್ದರೆ ಅಲ್ಲಿ ದೂರು ಹೇಳಬಹುದು, ಹೇಳಿದರೆ ಕೇಳುತ್ತಾರೆ.

ಮೊಬೈಲಿನಲ್ಲಿ ತರಿಸಿಕೊಳ್ಳುವ ಅಭ್ಯಾಸ ಬಂದ ಮೇಲೆ ಇನ್ನೊಂದು ಇಕ್ಕಟ್ಟು. ಡೆಲಿವರಿ ಕಂಪನಿಗಳು ಬಿಲ್ಲಿನ ಒಂದು ಪಾಲನ್ನು ಕಮಿಷನ್ನಾಗಿ ಹಿಡಿಯುತ್ತವೆ. ತೆಳ್ಳನೆಯ ಲಾಭದ ಮೇಲೆ ನಿಂತ ಹೋಟೆಲಿನವರು ಅದನ್ನು ಸರಿದೂಗಿಸಲು ಆ್ಯಪಿನಲ್ಲಿ ದರ ಏರಿಸುತ್ತಾರೆ, ಇಲ್ಲವೇ ತಟ್ಟೆಯನ್ನು ಕಿರಿದಾಗಿಸುತ್ತಾರೆ. ಡಬ್ಬದಲ್ಲಿ ಅರ್ಧ ಗಂಟೆ ಬೆವರಿದ ನೂಡಲ್ಸ್ ಮುದ್ದೆಯಾಗಿ ಬರುತ್ತದೆ. ಮನೆಯ ಹತ್ತಿರದಲ್ಲೇ ಇಂಥ ಹೋಟೆಲ್ ಇದ್ದರೆ ನಡೆದು ಹೋಗಿ ಅಲ್ಲೇ ಕುಳಿತು ತಿನ್ನಿ. ಆಗದಿದ್ದರೆ ಎದುರಿಗೆ ನಿಂತು ಪಾರ್ಸೆಲ್ ಕಟ್ಟಿಸಿಕೊಳ್ಳಿ. ದರದಲ್ಲೂ ರುಚಿಯಲ್ಲೂ ವ್ಯತ್ಯಾಸ ಆ ದಿನವೇ ತಿಳಿಯುತ್ತದೆ.