ಬೆರಳು ಬಿಡು ಅಪ್ಪಾ!

"ಅಪ್ಪಾ, ಅವನು ನಿನ್ನ ಎದುರಿಗೇ ನಿಂತಿದ್ದಾನೆ. ನೀನು ತೆಂಗಿನಕಾಯಿ ಕೀಳ್ತಾ ಇದೀಯ!"

ಹೆಡ್‌ಫೋನಿನಲ್ಲಿ ಮಗನ ದನಿ. ಅವನಿದ್ದದ್ದು ಕೊಚ್ಚಿಯ ಕಾಕ್ಕನಾಡಿನ ನಮ್ಮ ಮನೆಯಲ್ಲಿ. ನಾನಿದ್ದದ್ದು ಇನ್ನೂರು ಕಿಲೋಮೀಟರ್ ದಕ್ಷಿಣಕ್ಕೆ, ತಿರುವನಂತಪುರದ ಕಳಕ್ಕೂಟಂನ ಬಾಡಿಗೆ ಕೋಣೆಯಲ್ಲಿ. ಇಬ್ಬರೂ ಸೇರಿದ್ದು ವ್ಯಾಲರಂಟ್ ಎಂಬ ಕಂಪ್ಯೂಟರ್ ಆಟದೊಳಗೆ. ನನ್ನ ಬಂದೂಕಿನ 25 ಗುಂಡುಗಳೂ ಎದುರಾಳಿಯ ತಲೆ ಮೇಲಿಂದ ಹಾರಿ ಆಕಾಶ ಸೇರಿದ್ದವು. ನಮ್ಮ ತಂಡದಲ್ಲಿದ್ದ ಅವನ ಮೂವರು ಮಲಯಾಳಿ ಗೆಳೆಯರು ಬಿದ್ದು ಬಿದ್ದು ನಕ್ಕರು. "ಸಾರಮಿಲ್ಲ ಅಂಕಲ್" ಎಂದ ಒಬ್ಬ. ಪರವಾಗಿಲ್ಲ ಬಿಡಿ ಅಂತ ಅರ್ಥ.

ನಲವತ್ತು ದಾಟಿದವನು ಈ ಆಟಕ್ಕೆ ಇಳಿದದ್ದು ಹೇಗೆ ಎಂದು ಹೇಳಬೇಕು. ನಾನು ವಿರಾಜಪೇಟೆ ತಾಲ್ಲೂಕಿನವನು. ಮಾಕುಟ್ಟದ ಘಾಟಿ ಇಳಿದರೆ ಕೇರಳ, ಹಾಗಾಗಿ ಈ ರಾಜ್ಯ ನನಗೆ ಪರದೇಶವೇನಲ್ಲ. ಕೊಚ್ಚಿಯ ಇನ್ಫೊಪಾರ್ಕ್‌ನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದೆ. ಎರಡು ವರ್ಷದ ಹಿಂದೆ ನನ್ನ ಪ್ರಾಜೆಕ್ಟ್ ತಿರುವನಂತಪುರದ ಟೆಕ್ನೊಪಾರ್ಕ್‌ಗೆ ಹೋಯಿತು. ಹೆಂಡತಿಯ ಕೆಲಸ ಕೊಚ್ಚಿಯಲ್ಲಿ, ಮಗನ ಓದೂ ಅಲ್ಲೇ. ನಾನೊಬ್ಬನೇ ಗಂಟುಮೂಟೆ ಕಟ್ಟಿದೆ. ಶುಕ್ರವಾರ ರಾತ್ರಿ ಕೊಚ್ಚಿಗೆ ರೈಲು, ಸೋಮವಾರ ನಸುಕಿಗೆ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದು ವಾಪಸ್.

ನಡುವಿನ ದಿನಗಳಲ್ಲಿ ಮಗನೊಂದಿಗೆ ಫೋನು. "ಊಟ ಆಯ್ತಾ?" "ಆಯ್ತು." "ಓದಿದ್ಯಾ?" "ಹ್ಞೂಂ." ಫೋನು ನೋಡಿದರೆ ನಲವತ್ತು ಸೆಕೆಂಡ್ ಆಗಿರುತ್ತಿತ್ತು. ಮಕ್ಕಳನ್ನು ಬೇರೆ ಊರಿನಲ್ಲಿ ಬಿಟ್ಟು ದುಡಿಯುವವರಿಗೆ ಈ ನಲವತ್ತು ಸೆಕೆಂಡ್ ಗೊತ್ತಿರುತ್ತದೆ.

"ರಾತ್ರಿ ಒಂಬತ್ತಕ್ಕೆ ಹೆಡ್‌ಫೋನ್ ಹಾಕ್ಕೊಂಡ್ರೆ ಗೆಳೆಯರ ಜೊತೆ ಬಾಯಿ ತುಂಬ ಮಾತಾಡ್ತಾನೆ. ನೀವೂ ಅಲ್ಲಿಗೇ ಹೋಗಿ" ಎಂದಳು ಹೆಂಡತಿ. ಅವಳು ತಮಾಷೆಗೆ ಅಂದಿದ್ದು. ನಾನು ಆಟವನ್ನು ಡೌನ್‌ಲೋಡ್ ಮಾಡಿಕೊಂಡೆ.

ಬಂದೂಕು ನನಗೆ ಹೊಸದಲ್ಲ ಎಂಬ ಜಂಬ ಬೇರೆ ಇತ್ತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಹದಿನೇಳನೇ ವಯಸ್ಸಿನಲ್ಲಿ ಅಜ್ಜನ ಕೋವಿ ಹಿಡಿದು ಮೊದಲ ಗುಂಡು ಹಾರಿಸಿದಾಗ ನನ್ನ ಭುಜ ಎರಡು ದಿನ ಊದಿಕೊಂಡಿತ್ತು. "ಕೋವಿ ಒದ್ದೇ ಒದೆಯುತ್ತೆ. ಹೆಗಲಿಗೆ ಮೊದಲೇ ಒತ್ತಿ ಹಿಡಿದುಕೊಂಡಿರಬೇಕು" ಎಂದಿದ್ದರು ಅಜ್ಜ. ಆ ಒದೆತಕ್ಕೆ ಆಟದವರ ಮಾತಿನಲ್ಲಿ ರಿಕಾಯಿಲ್ ಎಂದು ಹೆಸರು.

ಆಟದ ಬಂದೂಕು ಹೆಗಲಿಗೆ ಒದೆಯುವುದಿಲ್ಲ. ಗುಂಡಿ ಒತ್ತಿ ಹಿಡಿದರೆ ಒಂದೊಂದು ಗುಂಡಿಗೂ ನಳಿಗೆ ಸ್ವಲ್ಪ ಸ್ವಲ್ಪ ಮೇಲೇರುತ್ತದೆ, ಆಮೇಲೆ ಅಕ್ಕಪಕ್ಕಕ್ಕೆ ಓಲಾಡುತ್ತದೆ. ಅದನ್ನು ಮೌಸಿನಿಂದ ಕೆಳಕ್ಕೆ ಎಳೆದು ಗುರಿಯಲ್ಲಿ ನಿಲ್ಲಿಸುವುದೇ ರಿಕಾಯಿಲ್ ಕಂಟ್ರೋಲ್. ಕೌಂಟರ್ ಸ್ಟ್ರೈಕ್‌ನಲ್ಲಿ ಪ್ರತಿ ಬಂದೂಕಿನ ಓಲಾಟಕ್ಕೂ ಒಂದು ಗೊತ್ತಾದ ದಾರಿ ಇದೆ. ಎಕೆ-47ರ 30 ಗುಂಡುಗಳ ದಾರಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಮೌಸನ್ನು ಅದಕ್ಕೆ ಸರಿಯಾಗಿ ಉಲ್ಟಾ ಎಳೆಯುವವರಿದ್ದಾರೆ. ವ್ಯಾಲರಂಟ್‌ನಲ್ಲಿ ಮೇಲೇರುವ ಮೊದಲ ಹಂತ ಮಾತ್ರ ಊಹೆಗೆ ಸಿಗುತ್ತದೆ. ಆಮೇಲೆ ಎಡಕ್ಕೋ ಬಲಕ್ಕೋ ಎಂಬುದು ಆಯಾ ಹೊತ್ತಿನ ಅದೃಷ್ಟ.

ಮಗ ನನಗೆ ಗುರುವಾದ. ಮೊದಲ ಪಾಠ: ಓಡುತ್ತಾ ಹೊಡೆಯಬಾರದು. ಕಾಲು ನಿಂತ ಮೇಲೆ ಹಾರಿಸಿದ ಮೊದಲ ಗುಂಡು ಹೆಚ್ಚುಕಡಿಮೆ ಇಟ್ಟ ಗುರಿಗೇ ಹೋಗುತ್ತದೆ. ಓಡುತ್ತಿದ್ದರೆ ಎಷ್ಟು ಗುರಿಯಿಟ್ಟರೂ ಚೆಲ್ಲಾಪಿಲ್ಲಿ.

ಎರಡನೆಯದು ಮೌಸಿನ ವೇಗ. ನನ್ನ ಮೌಸ್ 1600 ಡಿಪಿಐ, ಆಟದ ಸೆನ್ಸಿಟಿವಿಟಿ 1ರಲ್ಲಿತ್ತು. ಅಂದರೆ ಮೌಸನ್ನು 8 ಸೆಂಟಿಮೀಟರ್ ಸರಿಸಿದರೆ ಆಟದೊಳಗಿನ ನಾನು ಪೂರ್ತಿ ಒಂದು ಸುತ್ತು ಸುತ್ತುತ್ತಿದ್ದೆ. ಮಗ ಅದನ್ನು 800 ಡಿಪಿಐ ಮತ್ತು 0.35ಕ್ಕೆ ಇಳಿಸಲು ಹೇಳಿದ. ಈಗ ಒಂದು ಸುತ್ತಿಗೆ ಸುಮಾರು 47 ಸೆಂಟಿಮೀಟರ್ ಬೇಕು. ಮಣಿಕಟ್ಟಿನಿಂದ ಆಡುತ್ತಿದ್ದವನು ಮೊಣಕೈಯಿಂದ ಆಡಲು ಕಲಿತೆ. ಕೈ ನಡುಗಿದರೂ ಗುರಿ ಅಷ್ಟಾಗಿ ನಡುಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ನಿಲ್ಲಿಸುವುದು. ನಾನು ಕೊಳ್ಳುತ್ತಿದ್ದ ವ್ಯಾಂಡಲ್ ಬಂದೂಕಿನ ಒಂದು ಗುಂಡು ತಲೆಗೆ ತಾಗಿದರೆ 160 ಅಂಕದ ಪೆಟ್ಟು. ಪೂರ್ತಿ ಕವಚ ತೊಟ್ಟವನ ಜೀವವೇ 150. ಮೈಗಾದರೆ ನಾಲ್ಕು ಗುಂಡು ಸಾಕು. ಹಾಗಿದ್ದ ಮೇಲೆ 25ನ್ನೂ ಒಂದೇ ಉಸಿರಿಗೆ ಖಾಲಿ ಮಾಡುವುದು ಯಾಕೆ? "ಮೂರೋ ನಾಲ್ಕೋ ಹೊಡಿ, ಬೆರಳು ಬಿಡು. ನಳಿಗೆ ತಾನಾಗಿ ಕೆಳಗೆ ಬರುತ್ತೆ. ಆಮೇಲೆ ಮತ್ತೆ ಹೊಡಿ" ಎನ್ನುತ್ತಿದ್ದ. ಹೇಳುವುದು ಸುಲಭ. ಗುಂಡು ತಾಗಲಿಲ್ಲ ಎಂದು ಕಂಡ ಕೂಡಲೇ ನನ್ನ ಬೆರಳು ಇನ್ನೂ ಬಲವಾಗಿ ಒತ್ತುತ್ತಿತ್ತು. "ಬೆರಳು ಬಿಡು ಅಪ್ಪಾ!" ಎಂಬ ಕೂಗು ದಿನಕ್ಕೆ ಇಪ್ಪತ್ತು ಸಲ.

ಆದರೆ ನಾವು ಮಾತಾಡುತ್ತಿದ್ದೆವು. ಕನ್ನಡದಲ್ಲೇ! ಮನೆಯ ಹೊರಗೆ ಮಲಯಾಳ, ಇಂಗ್ಲಿಷ್ ಮಾತ್ರ ಆಡುವ ಹುಡುಗ ರಾತ್ರಿ ಒಂದು ಗಂಟೆ ಎಡಕ್ಕೆ, ಬಲಕ್ಕೆ, ಹಿಂದೆ ನೋಡು, ತಡಿ ಎಂದು ಕೂಗುತ್ತಿದ್ದ. ಮಲಯಾಳದ ಇಡತ್ತು, ವಲತ್ತುಗಳಿಗೆ ಹತ್ತಿರವಾದ್ದರಿಂದ ಅವನ ಗೆಳೆಯರೂ ನನ್ನ ಸಲುವಾಗಿ ಎಡ, ಬಲ ಎನ್ನತೊಡಗಿದರು.

ಇದನ್ನು ನಾನೇ ಹಾಳು ಮಾಡಿದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದ ದಿನ. ಫಿಸಿಕ್ಸ್‌ನಲ್ಲಿ ಪಾಸಾದದ್ದೇ ಹೆಚ್ಚು ಎಂದು ಸಂಜೆ ಹೆಂಡತಿ ಹೇಳಿದ್ದಳು. ರಾತ್ರಿ ಆಟದ ನಡುವೆ ನಾನು ಮತ್ತೆ ಗುರಿ ತಪ್ಪಿದೆ. "ಎಷ್ಟು ಸಲ ಹೇಳ್ಲಿ ಅಪ್ಪಾ" ಎಂದ. "ನನಗೆ ಹೇಳೋದಿರ್ಲಿ, ಫಿಸಿಕ್ಸ್‌ನಲ್ಲಿ ನಿನ್ನ ಮಾರ್ಕ್ಸ್ ಎಷ್ಟು?" ಎಂದುಬಿಟ್ಟೆ. ಅಲ್ಲಿಗೂ ನಿಲ್ಲಿಸಲಿಲ್ಲ. ಕಟ್ಟಿದ ಫೀಸು, ನನ್ನ ಒಂಟಿ ಕೋಣೆ, ಅವನ ಸೋಮಾರಿತನ ಎಲ್ಲವೂ ಬಂತು. ಗೆಳೆಯರು ಮೂವರೂ ಕೇಳುತ್ತಿದ್ದರು. ಫಿಸಿಕ್ಸ್, ಮಾರ್ಕ್ಸ್ ಎಂಬುದಕ್ಕೆ ಅನುವಾದ ಬೇಕಿರಲಿಲ್ಲ. ಮಗ ಏನೂ ಹೇಳದೆ ಆಟದಿಂದ ಹೊರಟುಹೋದ.

ಹನ್ನೊಂದು ದಿನ ಅವನು ನನ್ನೊಂದಿಗೆ ಆಡಲಿಲ್ಲ. ನಡುವಿನ ವಾರಾಂತ್ಯ ಮನೆಗೆ ಹೋದಾಗ ಊಟಕ್ಕೆ ಬಂದ, ತಟ್ಟೆ ನೋಡಿಕೊಂಡು ಎದ್ದ. ಫೋನು ಮತ್ತೆ ನಲವತ್ತು ಸೆಕೆಂಡಿಗೆ ಬಂತು.

ನಾನು ರಾತ್ರಿ ಒಬ್ಬನೇ ಆಟದ ಅಭ್ಯಾಸದ ಅಂಗಳಕ್ಕೆ ಹೋಗಿ ಗೋಡೆಗೆ ಹೊಡೆಯುತ್ತಿದ್ದೆ. ಗೋಡೆಯ ಮೇಲೆ ಗುಂಡಿನ ಗುರುತು ಉಳಿಯುವುದರಿಂದ ತಪ್ಪು ಕಣ್ಣಿಗೆ ಕಾಣುತ್ತದೆ. ಮೊದಲ ನಾಲ್ಕು ಒಂದೇ ಕಡೆ, ಉಳಿದವು ಎಲ್ಲೆಲ್ಲೋ. ಪ್ರತಿ ಸಲವೂ ಹಾಗೇ. ಆ ರಾತ್ರಿ ನಾನು ಆಡಿದ್ದರಲ್ಲೂ ಮೊದಲ ಮಾತೊಂದಕ್ಕೆ ಗುರಿಯಿತ್ತೇನೋ. ಉಳಿದದ್ದೆಲ್ಲ ತೆಂಗಿನಮರಕ್ಕೇ.

ಮುಂದಿನ ಶನಿವಾರ ಅವನ ಕೋಣೆಗೆ ಹೋದೆ. "ನಿನ್ನ ಗೆಳೆಯರ ಮುಂದೆ ಹಾಗೆ ಹೇಳಬಾರದಿತ್ತು. ತಪ್ಪಾಯ್ತು" ಎಂದೆ. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, "ಹೊಡಿ ನೋಡೋಣ" ಎಂದ. ನಾಲ್ಕು ಹೊಡೆದೆ, ಬೆರಳು ಬಿಟ್ಟೆ. ಮತ್ತೆ ನಾಲ್ಕು. "ಯಾರು ಕಲಿಸಿದ್ರು?" "ಗೋಡೆ" ಎಂದೆ. ನಕ್ಕ.

ಆಮೇಲೆ ಅವನೇ ಫಿಸಿಕ್ಸ್ ಪುಸ್ತಕ ತೆಗೆದ. ಇಲ್ಲಿ ಪ್ಲಸ್ ಒನ್ ಎಂದರೆ ನಮ್ಮ ಮೊದಲ ಪಿಯುಸಿ. ಚಲನೆಯ ನಿಯಮಗಳ ಪಾಠ ತಲೆಗೆ ಹೋಗುತ್ತಿಲ್ಲ ಎಂದ. ತೋರಿಸಿದ ಲೆಕ್ಕ ನೋಡಿ ಇಬ್ಬರಿಗೂ ಆಶ್ಚರ್ಯ: 100 ಕಿಲೋ ತೂಕದ ತೋಪು 20 ಗ್ರಾಂ ಗುಂಡನ್ನು ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹಾರಿಸಿದರೆ ತೋಪು ಹಿಂದಕ್ಕೆ ಎಷ್ಟು ವೇಗದಲ್ಲಿ ಒದೆಯುತ್ತದೆ? ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ ತೋಪಿನ ತೂಕದಿಂದ ಭಾಗಿಸಬೇಕು. ಉತ್ತರ 0.016 ಮೀಟರ್. ಸೆಕೆಂಡಿಗೆ ಎರಡು ಸೆಂಟಿಮೀಟರೂ ಇಲ್ಲ.

"ಮುತ್ತಜ್ಜನ ಕೋವಿಗೆ ಮಾಡೋಣ" ಎಂದ. ಕೋವಿ 3 ಕಿಲೋ, ತೋಟಾದಲ್ಲಿನ ಚರೆ 30 ಗ್ರಾಂ, ವೇಗ 400 ಮೀಟರ್ ಎಂದು ಅಂದಾಜಿಗೆ ಹಿಡಿದೆವು. ಸೆಕೆಂಡಿಗೆ 4 ಮೀಟರ್ ಬಂತು. ತೋಪಿನದಕ್ಕಿಂತ 250 ಪಟ್ಟು! "ಅದಕ್ಕೇ ನಿನ್ನ ಭುಜ ಊದಿದ್ದು" ಎಂದ. ಆ ಲೆಕ್ಕ ಅವನು ಮತ್ತೆ ಮರೆಯಲಿಲ್ಲ.

ಇ-ಸ್ಪೋರ್ಟ್ಸ್ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. ನನ್ನ ಮಗ ಅಷ್ಟೆತ್ತರಕ್ಕೇನೂ ಹೋಗುವುದಿಲ್ಲ, ನಾನಂತೂ ಇಲ್ಲ. ವಾರಕ್ಕೆ ಮೂರು ರಾತ್ರಿ, ಒಂದೊಂದು ಗಂಟೆ ಎಂದು ಒಪ್ಪಂದವಾಗಿದೆ. ಅಂಕದ ಮಾತು ಮನೆಯಲ್ಲಿ, ಎದುರಾ ಎದುರು ಕೂತು ಮಾತ್ರ. ಈಚೆಗೆ ನಾನು ತಂಡದಲ್ಲಿ ಕೊನೆಯವನಲ್ಲ, ಕೊನೆಯಿಂದ ಎರಡನೆಯವನು.

ಈ ಸಲ ಕೈಲ್ ಮುಹೂರ್ತಕ್ಕೆ ಊರಿಗೆ ಬರುತ್ತೇನೆ ಎಂದಿದ್ದಾನೆ. ತೆಂಗಿನಕಾಯಿಗೆ ಹೊಡೆದರೆ ಅಲ್ಲಿ ಯಾರೂ ನಗುವುದಿಲ್ಲ ಎಂದು ಹೇಳಿದ್ದೇನೆ.