ಚರ್ಚ್ ನಮ್ಮದು, ಮುಂಭಾಗ ಊರಿನದೇ?

ಕರಾವಳಿಯ ಧರ್ಮಕೇಂದ್ರಗಳಲ್ಲಿ ಶತಮಾನೋತ್ಸವವೋ, ನೂರೈವತ್ತರ ಸಂಭ್ರಮವೋ ಹತ್ತಿರ ಬಂದಾಗ ಪಾಲನಾ ಮಂಡಳಿಯ ಸಭೆಯಲ್ಲಿ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ. ಹಳೆಯ ಚರ್ಚ್ ಕಿರಿದಾಯಿತು, ಹಬ್ಬದ ದಿನ ಅರ್ಧ ಜನ ಶಾಮಿಯಾನದ ಅಡಿಯಲ್ಲಿ ನಿಲ್ಲಬೇಕಾಗುತ್ತದೆ, ಮಾಡು ಸೋರುತ್ತಿದೆ, ಪಕ್ಕಾಸಿಗೆ ಗೆದ್ದಲು ಹಿಡಿದಿದೆ, ಆದ್ದರಿಂದ ಕೆಡವಿ ಹೊಸದು ಕಟ್ಟೋಣ ಎನ್ನುವವರು ಒಂದು ಕಡೆ. ನಮ್ಮ ಅಜ್ಜ ಅಜ್ಜಿಯ ಮದುವೆಯಾದದ್ದು ಇದೇ ಪೀಠದ ಎದುರು, ಮುಂಭಾಗವನ್ನಾದರೂ ಉಳಿಸಿ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಚರ್ಚಿನ ಮೇಲಿನ ಪ್ರೀತಿಯಿಂದಲೇ ಮಾತನಾಡುತ್ತಾರೆ. ಆದರೆ ಈ ಚರ್ಚೆಯಲ್ಲಿ ಮೂರನೆಯ ಒಬ್ಬರಿಗೂ ಮಾತಿದೆಯೇ? ಅಂದರೆ ಪುರಸಭೆಗೆ, ಸರ್ಕಾರಕ್ಕೆ, ಆ ಗೋಪುರವನ್ನು ದಿನವೂ ನೋಡುತ್ತಾ ಓಡಾಡುವ ಊರವರಿಗೆ?

ಈ ಪ್ರಶ್ನೆಗೆ ಒಂದು ಕೆಥೋಲಿಕ ಧರ್ಮಕೇಂದ್ರದ ಮೂಲಕವೇ ದೊಡ್ಡ ಉತ್ತರವೊಂದು ಬಂದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ. ಪ್ರಕರಣ ಹಳೆಯದಾದರೂ ನಮ್ಮವರು ತಿಳಿದಿರಬೇಕಾದದ್ದು ಎಂದು ನಮಗನಿಸುತ್ತದೆ.

ಸಾನ್ ಅಂತೋನಿಯೊ ನಗರದಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಬರ್ನಿ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಗುಡ್ಡದ ಮೇಲೆ ಸಂತ ಪೇತ್ರರ ಚರ್ಚ್. 1923ರಲ್ಲಿ ಕಟ್ಟಿದ್ದು. ಆ ಪ್ರಾಂತ್ಯದಲ್ಲಿ ಸ್ಪೇನಿನ ಮಿಶನರಿಗಳು ಹಿಂದೆ ಕಟ್ಟಿದ್ದ ಚರ್ಚುಗಳ ಶೈಲಿಯನ್ನೇ ಅನುಸರಿಸಿದ ಕಟ್ಟಡ. ಒಳಗೆ ಸುಮಾರು 230 ಜನರಿಗೆ ಸ್ಥಳ. ಊರು ಬೆಳೆದಂತೆ ಭಕ್ತಾದಿಗಳೂ ಹೆಚ್ಚಿದರು. ಕೆಲವು ಭಾನುವಾರದ ಬಲಿಪೂಜೆಗಳಲ್ಲಿ 40ರಿಂದ 60 ಮಂದಿಗೆ ಒಳಗೆ ಜಾಗವೇ ಇರುತ್ತಿರಲಿಲ್ಲ. ಆಗ ಸಾನ್ ಅಂತೋನಿಯೊದ ಮಹಾಧರ್ಮಾಧ್ಯಕ್ಷರಾಗಿದ್ದ ಪ್ಯಾಟ್ರಿಕ್ ಫ್ಲೋರೆಸ್‌ರವರು ಚರ್ಚನ್ನು ವಿಸ್ತರಿಸುವ ಯೋಜನೆ ತಯಾರಿಸಲು ಧರ್ಮಕೇಂದ್ರಕ್ಕೆ ಅನುಮತಿ ಕೊಟ್ಟರು. ಇಲ್ಲಿಯ ತನಕ ಇದು ನಮ್ಮ ಯಾವುದೇ ಧರ್ಮಕೇಂದ್ರದ ಕತೆಯಾಗಬಹುದಿತ್ತು.

ಕೆಲವೇ ತಿಂಗಳಲ್ಲಿ ಬರ್ನಿಯ ನಗರಸಭೆ ಒಂದು ಉಪವಿಧಿಯನ್ನು ಅಂಗೀಕರಿಸಿತು. ಅದರ ಪ್ರಕಾರ ಐತಿಹಾಸಿಕ ಕಟ್ಟಡಗಳಿಗಾಗಿ ಒಂದು ಆಯೋಗ ಪಟ್ಟಣದ ಹಳೆಯ ಕಟ್ಟಡಗಳನ್ನೂ ವಲಯಗಳನ್ನೂ ಗುರುತಿಸಬೇಕು. ಆ ವಲಯದೊಳಗಿನ ಕಟ್ಟಡದ ರೂಪ ಬದಲಾಯಿಸುವ ಯಾವುದೇ ಕೆಲಸಕ್ಕೆ ಆಯೋಗದ ಪೂರ್ವಾನುಮತಿ ಬೇಕು. ನಂತರ ಚರ್ಚಿನ ಕಡೆಯಿಂದ ಕಟ್ಟಡ ಪರವಾನಿಗೆಗೆ ಅರ್ಜಿ ಹೋಯಿತು. ಚರ್ಚ್ ಐತಿಹಾಸಿಕ ವಲಯದೊಳಗೆ ಬರುತ್ತದೆ ಎಂದು ಹೇಳಿ ನಗರಸಭೆ ಅರ್ಜಿಯನ್ನು ತಿರಸ್ಕರಿಸಿತು. ಮಹಾಧರ್ಮಾಧ್ಯಕ್ಷರು ನ್ಯಾಯಾಲಯಕ್ಕೆ ಹೋದರು.

ಈ ಪ್ರಕರಣ ಅರ್ಥವಾಗಬೇಕಾದರೆ ಅಲ್ಲಿನ ಸಂರಕ್ಷಣಾ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. 1963ರಲ್ಲಿ ನ್ಯೂಯಾರ್ಕಿನ ಭವ್ಯ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಆರಂಭಿಸಿದಾಗ ಜನ ಎಚ್ಚೆತ್ತರು. 1965ರಲ್ಲಿ ಆ ನಗರಕ್ಕೆ ತನ್ನದೇ ಸಂರಕ್ಷಣಾ ಕಾನೂನು ಬಂತು. ಮರುವರ್ಷ, 1966ರಲ್ಲಿ, ಇಡೀ ದೇಶಕ್ಕೆ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯಿದೆ ಬಂದು ‘ರಾಷ್ಟ್ರೀಯ ರಿಜಿಸ್ಟರ್’ ಎಂಬ ಪಟ್ಟಿ ಶುರುವಾಯಿತು. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ಅಂಶವಿದೆ. ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಖಾಸಗಿ ಕಟ್ಟಡಕ್ಕೆ ರಕ್ಷಣೆ ಸಿಗುವುದಿಲ್ಲ. ಮಾಲೀಕನು ಸ್ವಂತ ಹಣದಲ್ಲಿ ಅದನ್ನು ಕೆಡವಿದರೆ ಕೇಂದ್ರ ಸರ್ಕಾರ ತಡೆಯುವಂತಿಲ್ಲ. ಕೇಂದ್ರದ ಹಣ ಅಥವಾ ಪರವಾನಿಗೆ ಇರುವ ಯೋಜನೆಯಾದರೆ ಮಾತ್ರ ಆ ಇಲಾಖೆ ಮೊದಲು ಪರಿಣಾಮವನ್ನು ಪರಿಶೀಲಿಸಬೇಕು, ಅಷ್ಟೆ. ಕೆಡವುವುದನ್ನು ತಡೆಯುವ ನಿಜವಾದ ಅಧಿಕಾರ ಇರುವುದು ಕೆಳಗೆ, ನಗರಸಭೆಯಲ್ಲಿ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರ 1931ರಲ್ಲೇ ಇಂಥ ಉಪವಿಧಿಯನ್ನು ಮಾಡಿ ದಾರಿ ತೋರಿಸಿತ್ತು. ಊರ ಪಟ್ಟಿಗೆ ಸೇರಿದ ಕಟ್ಟಡದ ಕಿಟಕಿ ಬದಲಾಯಿಸಲೂ ಆಯೋಗದ ಒಪ್ಪಿಗೆ ಪತ್ರ ಬೇಕಾಗಬಹುದು.

ಇದು ಮಾಲೀಕನ ಆಸ್ತಿಯನ್ನು ಪರಿಹಾರವಿಲ್ಲದೆ ಕಸಿದುಕೊಂಡಂತಲ್ಲವೇ? ಈ ಪ್ರಶ್ನೆ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಪ್ರಕರಣದಲ್ಲಿ ಬಂತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ಅಲ್ಲ’ ಎಂದಿತು. ಮಾಲೀಕನಿಗೆ ಆ ಕಟ್ಟಡದ ನ್ಯಾಯಯುತ ಬಳಕೆ ಉಳಿದಿದೆ ಎಂದಾದರೆ, ಹೆಚ್ಚಿನ ಲಾಭ ತಪ್ಪಿಹೋದದ್ದಕ್ಕೆ ಸರ್ಕಾರ ಹೊಣೆಯಲ್ಲ. ನ್ಯೂಯಾರ್ಕಿನ ಸಂತ ಬಾರ್ತೊಲೊಮಿಯೊರ ಎಪಿಸ್ಕೋಪಲ್ ಚರ್ಚ್ ತನ್ನ ಸಮುದಾಯ ಭವನವನ್ನು ಕೆಡವಿ 47 ಮಹಡಿಗಳ ಕಚೇರಿ ಗೋಪುರ ಕಟ್ಟಲು ಹೊರಟಾಗಲೂ ಆಯೋಗ ಒಪ್ಪಲಿಲ್ಲ. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಆಯೋಗದ ಪರವಾಗಿಯೇ ತೀರ್ಪಿತ್ತಿತು. ಬಡವರ ಸೇವೆಗೆ ಹಣ ಬೇಕಿತ್ತೆಂಬ ಚರ್ಚಿನ ವಾದ ನಿಲ್ಲಲಿಲ್ಲ.

ಆದರೆ ಬರ್ನಿಯವರದು ಬಾಡಿಗೆಯ ಗೋಪುರವಲ್ಲ. ಬಲಿಪೂಜೆಗೆ ಬಂದವರನ್ನು ಕೂರಿಸಲು ಜಾಗ. ಅವರ ಕೈಯಲ್ಲಿ ಒಂದು ಹೊಸ ಅಸ್ತ್ರವೂ ಇತ್ತು. 1993ರಲ್ಲಿ ಅಮೆರಿಕದ ಸಂಸತ್ತು ಧಾರ್ಮಿಕ ಸ್ವಾತಂತ್ರ್ಯವನ್ನು ಮರುಸ್ಥಾಪಿಸುವ ಕಾಯಿದೆಯೊಂದನ್ನು ಮಾಡಿತ್ತು. ಅತ್ಯಂತ ಪ್ರಬಲ ಕಾರಣವಿದ್ದು, ಬೇರೆ ಸೌಮ್ಯ ದಾರಿಯೇ ಇಲ್ಲದಿದ್ದರೆ ಮಾತ್ರ ಸರ್ಕಾರ ಧರ್ಮಾಚರಣೆಗೆ ದೊಡ್ಡ ಹೊರೆ ಹೊರಿಸಬಹುದು ಎಂಬುದು ಅದರ ತಿರುಳು. ಮಹಾಧರ್ಮಾಧ್ಯಕ್ಷರು ನಂಬಿದ್ದು ಅದನ್ನೇ. ಮೊದಲ ನ್ಯಾಯಾಲಯ ಆ ಕಾಯಿದೆಯೇ ಅಸಾಂವಿಧಾನಿಕ ಎಂದಿತು, ಮೇಲ್ಮನವಿ ನ್ಯಾಯಾಲಯ ಸಾಂವಿಧಾನಿಕ ಎಂದಿತು. ಕೊನೆಗೆ 1997ರ ಜೂನ್ 25ರಂದು ಸುಪ್ರೀಂ ಕೋರ್ಟ್ 6–3 ಬಹುಮತದಿಂದ, ರಾಜ್ಯಗಳ ಮತ್ತು ಸ್ಥಳೀಯ ಸರ್ಕಾರಗಳ ಮೇಲೆ ಇಂಥ ಕಾಯಿದೆಯನ್ನು ಹೇರುವ ಅಧಿಕಾರ ಸಂಸತ್ತಿಗಿಲ್ಲವೆಂದು ತೀರ್ಪಿತ್ತಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಆಂಥೊನಿ ಕೆನಡಿ, ಸ್ವತಃ ಕೆಥೋಲಿಕರು. ತೀರ್ಪಿಗೆ ಸಮ್ಮತಿಸಿ ಪ್ರತ್ಯೇಕವಾಗಿ ಬರೆದ ನ್ಯಾಯಮೂರ್ತಿ ಸ್ಟೀವನ್ಸ್‌ರವರ ಮಾತು ಚುಚ್ಚುವಂತಿದೆ: ಆ ಗುಡ್ಡದ ಮೇಲಿನ ಕಟ್ಟಡ ಒಬ್ಬ ನಾಸ್ತಿಕನ ವಸ್ತು ಸಂಗ್ರಹಾಲಯವಾಗಿದ್ದರೆ ಅವನಿಗೆ ಈ ವಿನಾಯಿತಿ ಸಿಗುತ್ತಿರಲಿಲ್ಲವಲ್ಲ ಎಂಬ ಅರ್ಥದಲ್ಲಿ ಅವರು ಬರೆದರು.

ಚರ್ಚ್ ಸೋತಿತು ಎಂದು ಪತ್ರಿಕೆಗಳು ಬರೆದವು. ಆದರೆ ಪಟ್ಟಣದಲ್ಲಿ ನಡೆದದ್ದೇ ಬೇರೆ. ಅದೇ ವರ್ಷ ನಗರಸಭೆ ಮತ್ತು ಚರ್ಚ್ ಕುಳಿತು ಮಾತನಾಡಿ ರಾಜಿಯಾದರು. ಹಳೆಯ ಚರ್ಚಿನ ಶೇಕಡಾ 80ರಷ್ಟು ಭಾಗ ಹಾಗೆಯೇ ಉಳಿಯಬೇಕು, ಹಿಂಬದಿಯಲ್ಲಿ 750 ಆಸನಗಳ ಹೊಸ ಪೂಜಾಮಂದಿರವನ್ನು ಜೋಡಿಸಬಹುದು. ಇದನ್ನು ಓದಿದಾಗ ನಮಗನಿಸಿದ್ದು ಇಷ್ಟೇ: ಈ ನಕ್ಷೆಯನ್ನು ನಾಲ್ಕು ವರ್ಷ ಮೊದಲೇ ಒಂದು ಮೇಜಿನ ಮೇಲೆ ಹರಡಿದ್ದರೆ ಎರಡೂ ಕಡೆಯ ವಕೀಲರ ಫೀಸು ಉಳಿಯುತ್ತಿತ್ತು. ಚರ್ಚಿಗೆ ಅನುಮತಿ ಸಿಕ್ಕಿದ ಬೆನ್ನಿಗೇ ಉಪವಿಧಿ ತಂದ ನಗರಸಭೆಯ ನಡೆಯನ್ನೂ ನಾವು ಮೆಚ್ಚಲಾರೆವು. ಮನೆಗೆ ಕಲ್ಲು ತಂದಿಟ್ಟ ಮೇಲೆ ಬೇಲಿ ಹಾಕಿದ ಹಾಗೆ.

ಮುಂದೆ 2000ದಲ್ಲಿ ಸಂಸತ್ತು ಇನ್ನೊಂದು ಕಾಯಿದೆ ತಂದು, ಭೂಬಳಕೆಯ ನಿಯಮಗಳ ಮೂಲಕ ಆರಾಧನೆಗೆ ಅನಗತ್ಯ ಹೊರೆ ಹೊರಿಸದಂತೆ ಸ್ಥಳೀಯ ಸರ್ಕಾರಗಳನ್ನು ಕಟ್ಟಿಹಾಕಿತು. ಅದೂ ಚರ್ಚುಗಳಿಗೆ ಪೂರ್ಣ ವಿನಾಯಿತಿಯಲ್ಲ. ಹೊರೆ ನಿಜವೆಂದು ಚರ್ಚೇ ಸಾಬೀತುಪಡಿಸಬೇಕು.

ಗೋಡೆಯ ಹೊರಗು ಮತ್ತು ಒಳಗಿನ ವ್ಯತ್ಯಾಸವನ್ನೂ ಹೇಳಲೇಬೇಕು. ಬಾಸ್ಟನ್ ನಗರದಲ್ಲಿ ಯೇಸುಸಭೆಯವರ ಅಮಲೋದ್ಭವ ಮಾತೆಯ ಚರ್ಚಿನ ಒಳಭಾಗವನ್ನೇ ಸಂರಕ್ಷಿತವೆಂದು ಅಲ್ಲಿನ ಆಯೋಗ ಘೋಷಿಸಿತ್ತು. ಪೀಠ ಎಲ್ಲಿರಬೇಕು, ಒಳಾಂಗಣ ಹೇಗಿರಬೇಕು ಎಂಬುದು ಆರಾಧನೆಯ ಭಾಗ, ಅದರಲ್ಲಿ ನಗರಸಭೆ ಕೈಹಾಕುವಂತಿಲ್ಲ ಎಂದು 1990ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಯೇಸುಸಭೆಯವರ ಪರ ತೀರ್ಪಿತ್ತಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಪೀಠ ಮುಂದೆ ಬಂದ ಬದಲಾವಣೆಯನ್ನು ಕಂಡ ನಮಗೆ ಈ ತೀರ್ಪಿನ ಅರ್ಥ ಸುಲಭವಾಗಿ ಆಗುತ್ತದೆ.

ಇನ್ನು ನಮ್ಮಲ್ಲಿಗೆ ಬರೋಣ. ನಮ್ಮ ಸಂವಿಧಾನದ 26ನೇ ವಿಧಿ ಧಾರ್ಮಿಕ ವಿಷಯಗಳ ನಿರ್ವಹಣೆಯನ್ನು ಆಯಾ ಪಂಗಡಕ್ಕೇ ಬಿಟ್ಟಿದೆ. ಆದರೆ ಆಸ್ತಿಯ ಆಡಳಿತ ‘ಕಾನೂನಿಗೆ ಅನುಸಾರವಾಗಿ’ ಎಂಬ ಮಾತು ಅದೇ ವಿಧಿಯಲ್ಲಿದೆ. ಕಟ್ಟಡವು ಈ ಎರಡರ ನಡುವೆ ನಿಲ್ಲುತ್ತದೆ.

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ನೂರು ವರ್ಷಕ್ಕೂ ಹಳೆಯದಾದ, ರಾಷ್ಟ್ರೀಯ ಮಹತ್ವದ ಕಟ್ಟಡಗಳನ್ನು ಘೋಷಿಸಲಾಗುತ್ತದೆ. ಘೋಷಣೆಗೆ ಮುನ್ನ ಎರಡು ತಿಂಗಳ ನೋಟಿಸು ಕೊಡಬೇಕು, ಆಕ್ಷೇಪಣೆಗಳನ್ನು ಕೇಳಬೇಕು. ಕಾರ್ಕಳದ ಗೊಮ್ಮಟ, ಹಳೆ ಗೋವಾದ ಬೊಮ್ ಜೇಸು ಬಸಿಲಿಕಾ ಇವೆಲ್ಲ ಈ ಪಟ್ಟಿಯವು. ಪಟ್ಟಿಗೆ ಸೇರಿದರೆ ಪೂಜೆ ನಿಲ್ಲುತ್ತದೆ ಎಂಬ ಹೆದರಿಕೆ ನಮ್ಮಲ್ಲಿದೆ. ಬಸಿಲಿಕಾದಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತದೆ. ಆರಾಧನಾ ಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸಬಾರದೆಂದು ಕಾಯಿದೆಯೇ ಹೇಳುತ್ತದೆ. ಹೆಚ್ಚಿನ ತೊಂದರೆ ನೆರೆಹೊರೆಯವರಿಗೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆ 200 ಮೀಟರ್ ವರೆಗೆ ಅನುಮತಿ ಬೇಕು. ನಿಮ್ಮ ಚರ್ಚ್ ಪಟ್ಟಿಯಲ್ಲಿಲ್ಲದಿದ್ದರೂ ಪಕ್ಕದಲ್ಲಿ ಒಂದು ಹಳೆಯ ಕೋಟೆಯ ಗೋಡೆ ಇದ್ದರೆ ನಿಮ್ಮ ಶಾಲೆಯ ಹೊಸ ಮಹಡಿ ಅಲ್ಲಿಯೇ ನಿಲ್ಲಬಹುದು. ರಾಜ್ಯಕ್ಕೂ 1961ರ ತನ್ನದೇ ಸ್ಮಾರಕ ಕಾಯಿದೆ ಇದೆ.

ನಮ್ಮ ಬಹುಪಾಲು ಚರ್ಚುಗಳು ಈ ಎರಡೂ ಪಟ್ಟಿಗಳ ಹೊರಗಿವೆ. ಅವುಗಳಿಗೆ ಅನ್ವಯವಾಗುವುದು ಪಾಲಿಕೆ, ಪುರಸಭೆ, ಗ್ರಾಮ ಪಂಚಾಯತುಗಳ ಕಟ್ಟಡ ಪರವಾನಿಗೆ ಮತ್ತು ನಗರ ಯೋಜನಾ ಕಾನೂನು. ಮುಂಬೈ 1995ರಲ್ಲಿ ಪಾರಂಪರಿಕ ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಸಮಿತಿಯ ಸಲಹೆಯಿಲ್ಲದೆ ಮುಟ್ಟದಂತೆ ನಿಯಮ ಮಾಡಿತು. ಕಟ್ಟುವ ಹಕ್ಕು ಕಳಕೊಂಡ ಮಾಲೀಕನಿಗೆ ಅದನ್ನು ಬೇರೆಡೆ ಬಳಸುವ ಅವಕಾಶವನ್ನೂ ಕೊಟ್ಟಿತು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆ ಇದೆ, ಮೈಸೂರಿನಲ್ಲಿ ಪಾರಂಪರಿಕ ಸಮಿತಿಯೂ ಇದೆ. ಆದರೆ ಪಟ್ಟಿಯೊಂದೇ ಗೋಡೆಯನ್ನು ಹಿಡಿದು ನಿಲ್ಲಿಸದು. 2012ರಲ್ಲಿ ಅದೇ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. ದುರಸ್ತಿಗೆ ಹಣವಿಲ್ಲದ ಸಂರಕ್ಷಣೆ ಅಪಾಯಕಾರಿ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಇದಕ್ಕೆ ವಿರುದ್ಧವಾಗಿ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಮೊಸ್ಕೇನಿಯವರ ಚಿತ್ರಗಳು 1990ರ ದಶಕದಲ್ಲಿ ಮತ್ತೆ ಬಣ್ಣ ತುಂಬಿಕೊಂಡದ್ದು ಸರ್ಕಾರದ ಆಜ್ಞೆಯಿಂದಲ್ಲ. ಯೇಸುಸಭೆಯವರ ಆಸಕ್ತಿ ಮತ್ತು ಇಂಟ್ಯಾಕ್ ಸಂಸ್ಥೆಯ ತಜ್ಞರ ಕೆಲಸದಿಂದ.

ಪಾಲನಾ ಮಂಡಳಿಯವರು ನೆನಪಿಡಬೇಕಾದ ಒಂದು ಮಾತು: ನಗರದ ಮಹಾಯೋಜನೆ ಅಂತಿಮವಾಗುವ ಮೊದಲು ಅದರ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತಾರೆ. ಆ ದಿನಗಳಲ್ಲಿ ಹೋಗಿ ನಕ್ಷೆ ನೋಡಿದವರಿಗೆ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ, ನಂತರ ಹೋದವರಿಗೆ ಹೈಕೋರ್ಟಿನಲ್ಲಿ ಮುಗಿಯಬೇಕಾಗುತ್ತದೆ.

ಮೇಲಾಗಿ ಧರ್ಮಸಭೆಯ ಕಾನೂನೇ ಅನೇಕ ವಿಷಯಗಳಲ್ಲಿ ಪುರಸಭೆಗಿಂತ ಕಟ್ಟುನಿಟ್ಟು. ಚರ್ಚ್ ಕಟ್ಟುವಾಗ ಮತ್ತು ದುರಸ್ತಿ ಮಾಡುವಾಗ ತಜ್ಞರ ಸಲಹೆ ಪಡೆಯಬೇಕು (ಕಾನೂನು 1216). ಪ್ರಾಚೀನ ಅಥವಾ ಕಲಾಮೌಲ್ಯದ ಪೂಜ್ಯ ಪ್ರತಿಮೆಗಳಿಗೆ ದುರಸ್ತಿ ಬೇಕಾದಾಗ ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ಕೈಹಾಕುವಂತಿಲ್ಲ (1189); ಪೈಂಟಿನ ಡಬ್ಬ ಹಿಡಿದು ಹಬ್ಬಕ್ಕೆ ಮುಂಚೆ ಪ್ರತಿಮೆಗೆ ‘ಹೊಳಪು’ ಕೊಡುವವರು ಇದನ್ನು ಓದಲಿ. ಕಲೆ ಅಥವಾ ಇತಿಹಾಸದ ದೃಷ್ಟಿಯಿಂದ ಅಮೂಲ್ಯವಾದ ವಸ್ತುವನ್ನು ಮಾರಲು ಧರ್ಮಾಧ್ಯಕ್ಷರ ಒಪ್ಪಿಗೆ ಸಾಲದು, ರೋಮಿನ ಅನುಮತಿಯೂ ಬೇಕು (1292). ದೇಶದ 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಮರದ ಪ್ರತಿಮೆ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದು ಅಪರಾಧ. ಆದ್ದರಿಂದ ಹಳೆಯ ಪೀಠ ಬಿಚ್ಚಿದಾಗ ಮರದ ಕೆತ್ತನೆಗೆ ಒಳ್ಳೆಯ ಬೆಲೆ ಕೊಡುತ್ತೇವೆಂದು ಬರುವವರ ಬಗ್ಗೆ ಎಚ್ಚರ ಅಗತ್ಯ.

ಇದಕ್ಕೆಲ್ಲ ಮೊದಲ ಹೆಜ್ಜೆ ದಾಖಲೆ. ಚರ್ಚಿನ ಸೊತ್ತುಗಳ ವಿವರವಾದ ಪಟ್ಟಿ ಬರೆದು, ಒಂದು ಪ್ರತಿ ಧರ್ಮಕೇಂದ್ರದಲ್ಲಿ, ಇನ್ನೊಂದು ಧರ್ಮಪ್ರಾಂತ್ಯದ ಕಚೇರಿಯಲ್ಲಿ ಇಡಬೇಕೆಂದೂ ಮುಂದೆ ಆಗುವ ಪ್ರತಿಯೊಂದು ಬದಲಾವಣೆಯನ್ನು ಎರಡರಲ್ಲೂ ಬರೆಯಬೇಕೆಂದೂ 1283ನೇ ಕಾನೂನು ಹೇಳುತ್ತದೆ. ಕಟ್ಟಡದ ಅಳತೆ, ಛಾಯಾಚಿತ್ರಗಳು, ಹಳೆಯ ನಕ್ಷೆ, ಶಿಲಾಫಲಕಗಳ ಬರಹ ಇವನ್ನೂ ಅದರೊಂದಿಗೆ ಸೇರಿಸಿಟ್ಟರೆ, ನಾಳೆ ಪುರಸಭೆಯ ಎದುರಾಗಲಿ ನ್ಯಾಯಾಲಯದ ಎದುರಾಗಲಿ ಧರ್ಮಕೇಂದ್ರಕ್ಕೆ ತೋರಿಸಲು ಒಂದು ಕಡತವಾದರೂ ಇರುತ್ತದೆ.