ಉಡುಪಿಯ ಮಿಶನ್ ಮನೆಗಳ ಮಕ್ಕಳು

ಉಡುಪಿಯ ಮಿಶನ್ ಆಸ್ಪತ್ರೆ ಗೊತ್ತಲ್ಲ? 1923ರಲ್ಲಿ ಅದನ್ನು ಶುರು ಮಾಡಿದವರು ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಉಡುಪಿಗೆ ಬಂದದ್ದು ಅದಕ್ಕೂ ಎಷ್ಟೋ ಮೊದಲು, 1854ರಲ್ಲಿ.

ಆಗ ಮಿಶನರಿ ಮದುವೆಯಾಗಬೇಕಾದರೆ ಬಾಸೆಲ್‌ನ ಕಮಿಟಿ ಒಪ್ಪಬೇಕಿತ್ತು. ಎಷ್ಟೋ ಹುಡುಗಿಯರು ಮುಖವನ್ನೇ ನೋಡದ ವರನಿಗಾಗಿ ಹಡಗು ಹತ್ತಿದರು. ಬಂದವರಿಗೆ ಸಂಬಳವಿಲ್ಲ, ಕೆಲಸ ಮಾತ್ರ ಕೈತುಂಬ: ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸಬೇಕು, ಮನೆ ನೋಡಬೇಕು, ನಡುವೆ ತಾವೂ ಊರಿನ ಭಾಷೆ ಕಲಿಯಬೇಕು. ಮೇಲೆ ಜ್ವರ, ಬಾಣಂತನ. ಕನ್ನಡ ನಿಘಂಟು ಮಾಡಿದ ಮಿಶನರಿ ಕಿಟೆಲ್ ಅವರ ಹೆಂಡತಿ ಪೌಲೀನ, ಮದುವೆಯಾಗಿ ನಾಲ್ಕೇ ವರ್ಷಕ್ಕೆ, 1864ರಲ್ಲಿ ತೀರಿಕೊಂಡರು.

ಎಲ್ಲಕ್ಕಿಂತ ಕಷ್ಟದ್ದು ಮಕ್ಕಳ ವಿಷಯ. ಶಾಲೆಗೆ ಹೋಗುವ ವಯಸ್ಸಾಗುತ್ತಲೇ ಅವರನ್ನು ಯುರೋಪಿಗೆ ಕಳಿಸುತ್ತಿದ್ದರು. ಬಾಸೆಲ್‌ನಲ್ಲಿ ಅವರಿಗೆಂದೇ ಒಂದು ವಸತಿಗೃಹ ಇತ್ತು. ಆಮೇಲೆ ಅಪ್ಪ, ಅಮ್ಮ ಅಂದರೆ ವರ್ಷಗಟ್ಟಲೆ ಬರೀ ಕಾಗದ.

ಮುದ್ರಣಾಲಯ, ಹಂಚಿನ ಕಾರ್ಖಾನೆ, ನಿಘಂಟು ಅಂತ ನಾವು ಮಿಶನ್ನಿನ ಕೆಲಸವನ್ನು ಮತ್ತೆ ಮತ್ತೆ ಹೇಳುತ್ತೇವೆ. ಈ ಹೆಂಗಸರನ್ನೂ ಮಕ್ಕಳನ್ನೂ ಬಿಟ್ಟು ಹೇಳಿದರೆ ಅದು ಅರ್ಧ ಚರಿತ್ರೆ.

ಬಾಸೆಲ್ ಮಿಶನ್ನಿನ ಹಳೆಯ ಫೋಟೊಗಳು ಈಗ ಆನ್‌ಲೈನ್‌ನಲ್ಲಿವೆ. ಉಡುಪಿಯವರೇ, ಮಲ್ಪೆಯವರೇ, ಒಮ್ಮೆ ಹುಡುಕಿ ನೋಡಿ.